ಮರಳು ಕಾಯೋಕೆ ಹೊರಟ ನಿಮ್ಮ ಮಗಳು

ಯಜಮಾನ್ರೇ,

ನಿಮ್ಮ ಗಿರಿಜೆಯ ತಾಯಿ ಮಾಡುವ ನಮಸ್ಕಾರ. ಬೆಳಿಗ್ಗೆಯಿಂದ ನನಗೆ ಕುಂತಲ್ಲಿ ಕೂರೋಕಾಗ್ತಿಲ್ಲ. ಬೀರಪ್ಪನ ಗುಡಿಗೆ ಹೋಗಿ ಬಂದೆ, ರಾಗಿ ಕೇರಿದೆ, ಮತ್ತೆ ಗುಡಿಗೇ ಹೋದೆ. ಪೂಜಾರಪ್ಪ, "ಏನವ್ವ, ದೇವರಿಗೂ ಒಂದಿಷ್ಟು ಉಸಿರಾಡಾಕೆ ಬಿಡು" ಅಂತ ನಕ್ಕ. ನಿಮ್ಮ ಹತ್ರ ಹೇಳದೆ ಇನ್ಯಾರ ಹತ್ರ ಹೇಳ್ಲಿ?

ಗಿರಿಜೇನ ಚಿತ್ರದುರ್ಗದ ಹಾಸ್ಟೆಲಿಗೆ ಬಿಟ್ಟು ಬಂದ ದಿನ ನೆನಪೈತಾ? "ಕಲ್ಲು ಮಣ್ಣಿನ ಓದಂತೆ ಕಣೇ, ನಮ್ಮ ಸೀಮೇಲಿ ಅದಕ್ಕೇನು ಬರ" ಅಂದಿದ್ರಿ. ನೀವು ತೀರಿಕೊಂಡ ಮೇಲೆ ಆ ಓದು ಮುಗೀತು. ನೀವಿದ್ದಿದ್ರೆ... ಈಗ ಅವಳಿಗೆ ರಾಜಸ್ಥಾನದಲ್ಲಿ ಕೆಲಸ ಸಿಕ್ಕೈತೆ. ವಿಮಾನದಿಂದ ಮರಳುಗಾಡಿನ ಫೋಟೊ ತೆಗೀತಾರಂತೆ. ಗಾಳಿ ಮರಳನ್ನ ಯಾವ ಕಡೆ ಹೊತ್ತೊಯ್ತು, ಹಳೇ ಹೊಳೆ ಎಲ್ಲಿ ಹರೀತಿತ್ತು ಅಂತ ಅದರಲ್ಲಿ ನೋಡೋದು. ಆಮೇಲೆ ಅಲ್ಲಿಗೇ ಹೋಗಿ, ಪಟದಲ್ಲಿ ಕಂಡಿದ್ದು ನಿಜಾನಾ ಅಂತ ನಡೆದು ನೋಡೋದು.

ನಿಮ್ಮ ತಮ್ಮ ಸುದ್ದಿ ಕೇಳಿದವನೇ ಬಾಗಿಲಲ್ಲಿ ನಿಂತ. "ಕುರಿ ಕಾಯೋರ ಮಗಳು ಮರಳು ಕಾಯಾಕೆ ಹೊಂಟ್ಲಾ? ಅತ್ತಿಗೆ, ಇವಳನ್ನ ಕಳಿಸಿ, ಆಮೇಲೆ ಗಂಡು ಹುಡುಕು ಅಂತ ನನ್ನ ಕೇಳಬ್ಯಾಡ್ರಿ." ಗಿರಿಜೆ ಬಿಡ್ತಾಳಾ? "ಮರಳೂ ಕಣ್ಣು ತಪ್ಪಿಸಿ ಪಕ್ಕದ ಹೊಲಕ್ಕೆ ನುಗ್ತೈತೆ ಚಿಕ್ಕಪ್ಪ, ಕಾಯಲೇಬೇಕು" ಅಂದ್ಲು. ಅವನು ನಗಲಿಲ್ಲ, ನಾನೂ ನಗಲಿಲ್ಲ. ಆಗ ಅವಳು ನನ್ನ ಕಡೆ ತಿರುಗಿ, "ಅವ್ವ, ನೀನು ಬ್ಯಾಡ ಅಂದ್ರೆ ಹೋಗಲ್ಲ" ಅಂದ್ಲು. ಜಗಳ ಆಡಿದ್ರೇ ಚೆನ್ನಾಗಿತ್ತು ಕಣ್ರಿ.

ನಿನ್ನೆ ಮಧ್ಯಾಹ್ನ ಆ ಮರಳುಗಾಡಿನ ಎರಡು ಫೋಟೊ ಪಕ್ಕಪಕ್ಕ ಇಟ್ಟು, ಮೇಲೆ ಕಾಲಿರೋ ಕನ್ನಡಕದಂಥ ಜೋಡಿ ಗಾಜು ನಿಲ್ಲಿಸಿ, ನೋಡು ಅಂದ್ಲು. ಮೇಲಿಂದ ನೋಡೋದು ದೇವರ ಕೆಲಸ, ನಾವು ಇಣುಕಬಹುದಾ? ಕೈಮುಗಿದು ಬಗ್ಗಿದೆ. ಮೊದಲು ಬರೀ ಮಸುಕು. ಆಮೇಲೆ ಮರಳಿನ ದಿನ್ನೆಗಳು ಎದ್ದು ನಿಂತವು! ಎಲ್ಲವೂ ಒಂದೇ ಕಡೆ ತಿರುಗಿದ್ದವು. "ಲೇ, ಗಾಳಿಗೆ ಬೆನ್ನು ಕೊಟ್ಟ ಕುರಿಮಂದೆ ಕಣೇ ಇದು" ಅಂದೆ. "ಅಪ್ಪ ಇದ್ದಿದ್ರೂ ಇದನ್ನೇ ಅಂತಿದ್ರು" ಅಂದ್ಲು.

ನೀವು ವರ್ಷ ವರ್ಷ ಮಂದೆ ಹೊಡ್ಕಂಡು ಹೊಳಲ್ಕೆರೆ ದಾಟಿ ಮೇವಿದ್ದ ಕಡೆ ಹೋಗ್ತಿದ್ರಿ. ಎಲ್ಲಿದೀರೋ ತಿಳೀದೆ ತಿಂಗಳುಗಟ್ಟಲೆ ದೀಪ ಹಚ್ಚಿ ಕಾದೆ. ನನಗೆ ನಾಲ್ಕಕ್ಷರ ಬರ್ತಿತ್ತು, ಕಾಗದ ಹಾಕಾಣ ಅಂದ್ರೆ ನಿಮಗೆ ವಿಳಾಸ ಇರಲಿಲ್ಲ. ಈಗಲೂ ಇಲ್ಲ ಬಿಡ್ರಿ. ಆಗ ನಿಮ್ಮನ್ನ ಯಾರಾದ್ರೂ ತಡೆದ್ರಾ? ನಿಮ್ಮ ತಮ್ಮನೇ ಬುತ್ತಿ ಹೊತ್ತು ಊರಾಚೆ ತನಕ ಬಂದು ಕಳಿಸ್ತಿದ್ದ. ಹೆಣ್ಣು ಅಂತ ಇವಳ ಕಾಲು ಮಾತ್ರ...

ಇವತ್ತು ಎರಡನೇ ಸಲ ಗುಡಿಗೆ ಹೋದಾಗ ಬೀರಪ್ಪನ್ನ ಏನೂ ಕೇಳಲಿಲ್ಲ. "ಕಳಿಸ್ತಿದೀನಿ, ನೋಡ್ಕೋ" ಅಂತ ಹೇಳಿ ಬಂದೆ. ಬಂದವಳೇ ನಿಮ್ಮ ಕರಿ ಕಂಬಳಿ ಕೊಡವಿ ಅವಳ ಟ್ರಂಕಿಗೆ ಹಾಕಿದೆ. ಅಲ್ಲಿ ರಾತ್ರಿ ಬಲು ಚಳಿಯಂತೆ. ಗಿರಿಜೆ ಅದನ್ನ ಮೂಸಿ, "ಇನ್ನೂ ಕುರಿ ವಾಸನೆ ಐತವ್ವ" ಅಂದ್ಲು. ಒಗೀಲಾ ಅಂದ್ರೆ ಬ್ಯಾಡ ಅಂದ್ಲು.

ನಾಳೆ ಹೊರಡ್ತಾಳೆ. ನನಗಿನ್ನೂ ಕುಂತಲ್ಲಿ ಕೂರೋಕಾಗ್ತಿಲ್ಲ. ಆದ್ರೂ ಅಲ್ಲಿ ತಾನಿರೋ ಜಾಗ ಒಂದು ಚೀಟೀಲಿ ಬರೆದು ದೇವರ ಪಟದ ಹಿಂದೆ ಸಿಗಿಸಿದಾಳೆ. ನಿಮ್ಮ ಮಗಳಿಗೆ ವಿಳಾಸ ಐತೆ ಕಣ್ರಿ.