ಹನಿ ನಿಲ್ಲದ ಗಾಜು

ಅಪ್ಪಾ,

ಏಳನೇ ಸಂದರ್ಶನ ಇವತ್ತು ಮುಗಿಯಿತು. ಪಿಎಚ್‌ಡಿ ಸೀಟು ಸಿಕ್ಕಿದೆ. ಹೇಸಿಗೆಯಾಗುತ್ತಿದೆ.

ಮೇಜಿನಾಚೆ ಮೂವರಿದ್ದರು. ಒಬ್ಬರು ಫೋನು ತೀಡುತ್ತಿದ್ದರು, ಇನ್ನೊಬ್ಬರು ಮದುವೆ ಯಾವಾಗ ಎಂದರು. ನನ್ನ ಎರಡು ವರ್ಷದ ಸಂಶೋಧನೆಯ ಒಂದು ಪುಟವನ್ನೂ ಯಾರೂ ತಿರುವಲಿಲ್ಲ. ಅದರ ಮೇಲೆ ಚಹಾದ ಲೋಟ ಇಟ್ಟಿದ್ದರು. ಕೊನೆಗೆ ಹಿರಿಯ ಪ್ರೊಫೆಸರು ಬಾಯಿಬಿಟ್ಟರು.

"ನಿಮ್ಮಪ್ಪ ಏನ್ ಮಾಡ್ತಾರಮ್ಮ?"

"ತೀರ್ಕೊಂಡ್ರು ಸರ್. ಮೂವತ್ತು ವರ್ಷ ಲ್ಯಾಬಲ್ಲೇ ಇದ್ರು."

"ಓಹೋ, ವಿಜ್ಞಾನಿ! ಮೊದ್ಲೇ ಹೇಳ್ಬಾರ್ದಾ? ನಮ್ಮೋರೇ ಅಲ್ವಾ ನೀವು!"

ಅಲ್ಲ ಎಂದು ನಾನು ಹೇಳಲಿಲ್ಲ. ಹಲ್ಲು ಕಿರಿದೆ. ಅಲ್ಲಿಗೆ ನನ್ನ ಯೋಗ್ಯತೆಯ ಪರೀಕ್ಷೆ ಮುಗಿಯಿತು.

ಇಂಥವರು ಬಳಸಿ ಬಿಸಾಕಿದ ಬೀಕರುಗಳನ್ನೇ ನೀನು ಮೂವತ್ತು ವರ್ಷ ತೊಳೆದದ್ದು. ತೊಳೆದದ್ದನ್ನು ಬೆಳಕಿಗೆ ಹಿಡಿದು ನನಗೆ ತೋರಿಸುತ್ತಿದ್ದೆ: "ನೋಡು ಪುಟ್ಟಿ, ಗಾಜು ಶುದ್ಧ ಇದ್ರೆ ನೀರು ಹಾಳೆ ಥರ ಜಾರುತ್ತೆ. ಹನಿ ನಿಂತ್ರೆ ಇನ್ನೂ ಜಿಡ್ಡಿದೆ ಅಂತ ಅರ್ಥ."

ಮನೆಗೆ ಬಂದವಳೇ ಸೋಪು ಹಚ್ಚಿ ಮೂರು ಸಲ ಮುಖ ತೊಳೆದೆ. ಕನ್ನಡಿ ನೋಡಿದರೆ ಕೆನ್ನೆಯ ತುಂಬಾ ಹನಿಗಳು ನಿಂತಿವೆ.