ಸೊಂಟದ ತಪ್ಪು ಬೂಟಿನ ತಲೆಗೆ

ಅಣ್ಣಾ,

ಬೂಟಿನ ಅಟ್ಟೆ ಸವೆದು ಕುಂಟುತ್ತಿದ್ದೇನೆ ಅಂದೆಯಲ್ಲ, ಹೊಸ ಅಟ್ಟೆ ಹಾಕಿಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಆದರೆ ನಿನ್ನೆ ನೀನು ಬಚ್ಚಲಿಗೆ ಬರಿಗಾಲಲ್ಲಿ ಹೋಗುವಾಗಲೂ ಕುಂಟಿದೆ. ಇನ್ನು ಯಾರ ಮೇಲೆ ಗೂಬೆ ಕೂರಿಸುತ್ತೀ?

ರಕ್ತ ಹರಿಯದೆ ನಿನ್ನ ಸೊಂಟದ ಮೂಳೆ ಸತ್ತಾಗ ಡಾಕ್ಟರು ಕೀಲು ಬದಲಿಸದೆ, ಇದ್ದದ್ದನ್ನೇ ಕೊರೆದು ತೇಪೆ ಹಾಕಿದರು. "ಕೆಲವರಿಗೆ ಸಾಯುವ ತನಕ ಬಾಳುತ್ತದೆ, ಕೆಲವರಿಗೆ ಇಲ್ಲ" ಅಂತ ಆವತ್ತೇ ಹೇಳಿದ್ದರು. ದಿನವಿಡೀ ನಿಂತು ಊರವರ ತಲೆ ಬೋಳಿಸಿದರೂ ನಿನ್ನದು ಹನ್ನೆರಡು ವರ್ಷ ಬಾಳಿತು. ಈಗ ಬದಲಿಸಬೇಕು ಅಂದರೆ ಅದೇನು ಮಾನ ಹೋಗುವ ವಿಷಯವಲ್ಲ.

ಇವತ್ತು ಹತ್ತೂವರೆಗೆ ಎಕ್ಸ್‌ರೇ. ಕ್ಷೌರದಂಗಡಿಯ ಬೀಗದ ಕೈ ನನ್ನ ಬ್ಯಾಗಿನಲ್ಲಿದೆ, ಮನೆಯೆಲ್ಲ ಜಾಲಾಡಬೇಡ. ತಿಂಡಿ ತಿಂದು ಆಟೋ ಹಿಡಿ. ಆಸ್ಪತ್ರೆ ಬಾಗಿಲಲ್ಲೇ ನಿಂತಿರುತ್ತೇನೆ. ಹೆದರಿಕೆಯಾದರೆ ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಬಾ, ಆದರೆ ಬಾ.

ತಂಗಿ