ತಾಯತದೊಳಗಿನ ಹರಳು

ಹುಲಿಕುಂಟೆ, ಭಾನುವಾರ

ಪೂಜ್ಯ ಹಾಲೇಶ್ ಸರ್ ಅವರಿಗೆ, ಅನುಷಾಳ ನಮಸ್ಕಾರ.

ಕರೆ ಮಾಡಿದರೆ ಮಾತು ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾಳೆ ಅಳೆಯಬೇಕಿದ್ದ ವನೇಡಿಯಂ ಆಕ್ಸೈಡ್ ಹರಳನ್ನು ಲ್ಯಾಬಿನಲ್ಲಿ ಹುಡುಕಿಸಬೇಡಿ. ನಾಲ್ಕು ವರ್ಷ ಏನು ಮಾಡಿದೆನೆಂದು ಅಮ್ಮನಿಗೆ ತೋರಿಸಲು ನಿಮ್ಮನ್ನು ಕೇಳದೆ ಅದನ್ನು ಊರಿಗೆ ತಂದಿದ್ದೇನೆ. ಬಿಸಿಯಾದರೆ ಇದರೊಳಗೆ ಪರಮಾಣುಗಳು ಜಾಗ ಬದಲಿಸುತ್ತವೆ, ಅಲ್ಲಾಡದೆ ಕೂತಿದ್ದ ಎಲೆಕ್ಟ್ರಾನುಗಳು ಹರಿಯತೊಡಗುತ್ತವೆ ಎಂದು ವಿವರಿಸಿದೆ. ಕಲ್ಲಿಗೆ ಶಕ್ತಿಯಿದೆ ಎಂದು ಅಮ್ಮ ನಂಬಿಬಿಟ್ಟಳು.

ಅಣ್ಣನ ಮಗುವಿಗೆ ಒಂಬತ್ತು ದಿನದಿಂದ ಜ್ವರ. ನಾನು ಔಷಧಿಗೆ ಶಿರಾಕ್ಕೆ ಹೋಗಿದ್ದಾಗ ಅಮ್ಮ ಹರಳನ್ನು ತಾಯತಕ್ಕೆ ತುಂಬಿ, ಕಾದ ಅರಗಿನಿಂದ ಬಾಯಿ ಮುಚ್ಚಿ, ಮಗುವಿನ ಉಡಿದಾರಕ್ಕೆ ಕಟ್ಟಿದ್ದಾಳೆ. ಜ್ವರ ಇಳಿದದ್ದು ನಾನು ಕುಡಿಸಿದ ಔಷಧಿಯಿಂದ. ಆದರೂ ಅಮ್ಮ ತಾಯತ ಬಿಚ್ಚಲು ಬಿಡುತ್ತಿಲ್ಲ.

"ಇವತ್ತು ಜ್ವರ ಇಳಿದೈತೆ ಕಣಮ್ಮ. ಬಿಚ್ಚಿದ್ಮೇಲೆ ಮತ್ತೆ ಏರಿದ್ರೆ ಏನ್ ಮಾಡಾನ?"

ಬಿಚ್ಚಿದರೂ ಪ್ರಯೋಜನವಿಲ್ಲ ಸರ್. ಪರಮಾಣುಗಳು ಜಾಗ ಬದಲಿಸುವ ಅರವತ್ತೆಂಟು ಡಿಗ್ರಿಯನ್ನು ಒಮ್ಮೆಲೇ ದಾಟಿದ ಹಿಂದಿನ ಹರಳುಗಳೆಲ್ಲ ಸೀಳಿಹೋದದ್ದನ್ನು ನೀವೇ ನೋಡಿದ್ದೀರಿ. ಕಾದ ಅರಗು ಅದಕ್ಕಿಂತ ಬಿಸಿ.

ನನ್ನನ್ನು ತೆಗೆದುಹಾಕುವ ಮೊದಲು ಒಂದೇ ಒಂದು ತಿಂಗಳು ಕುಲುಮೆ ಕೊಡಿ, ಇನ್ನೊಂದು ಹರಳು ಬೆಳೆಸುತ್ತೇನೆ. ಕೈಮುಗಿಯುತ್ತೇನೆ, ಮನೆಗೆ ಮಾತ್ರ ಫೋನ್ ಮಾಡಬೇಡಿ. ಹರಳು ಒಡೆದಿರುತ್ತದೆ ಎಂದು ಅಮ್ಮನಿಗೆ ನಾನು ಹೇಳಿಲ್ಲ. ಮಗು ತಾಯತವನ್ನು ಹಿಡಿದುಕೊಂಡೇ ಮಲಗಿದೆ.

ಇನ್ನೂ ನಿಮ್ಮ ವಿದ್ಯಾರ್ಥಿನಿ ಎಂದುಕೊಂಡಿರುವ,
ಅನುಷಾ